ಹಳಸಿದ್ದೆಲ್ಲ ಹೆಬ್ಬಾತಿಗೆ

ಚಳಿ ಬಿತ್ತೆಂದರೆ ಬಾಗಲಕೋಟೆಯ ಹಿನ್ನೀರಿಗೆ ಪಟ್ಟೆತಲೆ ಹೆಬ್ಬಾತುಗಳು ಇಳಿಯುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದವು. ಅವುಗಳ ಹಿಂದೆಯೇ ಕಾರಿನ ಡಿಕ್ಕಿಯಲ್ಲಿ ಚೀಲ ಹೇರಿಕೊಂಡು ನಮ್ಮ ಧರ್ಮಾತ್ಮರೂ ಇಳಿಯುತ್ತಾರೆ. ಒಂದು ಚೀಲದಲ್ಲಿ ಸೀಮಂತದ ಮನೆಯಲ್ಲಿ ಮಿಕ್ಕ ಚಿತ್ರಾನ್ನ, ಬೂಂದಿ. ಇನ್ನೊಂದರಲ್ಲಿ ವ್ಯಾಪಾರಿ ಒಲ್ಲೆನೆಂದ ದಾಳಿಂಬೆ, ಅಂಗಮಾರಿ ರೋಗಕ್ಕೆ ಕಪ್ಪು ಚುಕ್ಕೆಯೆದ್ದು ಬಾಯಿ ಬಿಟ್ಟದ್ದು. 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವನ್ನೇ ಪಡೆದ ಊರು; ಹಣ್ಣಿಗೇನು ಬರ?

‘ಮೂಕ ಪ್ರಾಣಿಗೆ ಹಾಕಿದ್ರ ಪುಣ್ಯ ಬರ್ತದ್ರೀ’ ಎನ್ನುತ್ತ ಧರ್ಮಾತ್ಮರು ಚೀಲ ಝಾಡಿಸುತ್ತಾರೆ. ಪುಣ್ಯ ಸ್ವಲ್ಪ ಹೆಚ್ಚೇ ಬರಲೆಂದು ಪ್ಲಾಸ್ಟಿಕ್ ಚೀಲವನ್ನೂ ಅಲ್ಲೇ ಬಿಡುತ್ತಾರೆ. ಅನ್ನ ನೀರಲ್ಲಿ ಉಬ್ಬುತ್ತದೆ, ಬೂಂದಿಯ ಎಣ್ಣೆ ಏಳು ಬಣ್ಣ ಬಿಡಿಸುತ್ತದೆ. ಹೆಬ್ಬಾತು ಕತ್ತೆತ್ತಿ ಒಮ್ಮೆ ನೋಡಿ, ನೂರು ಮಾರು ಆಚೆ ಸರಿದು ಹುಲ್ಲು ಮೇಯುತ್ತದೆ. ಚಿತ್ರಾನ್ನ ನಾಯಿಗಳ ಪಾಲು. ಉಂಡ ಮೇಲೆ ಅವು ಹಕ್ಕಿಗಳತ್ತ ನೋಡುವ ನೋಟದಲ್ಲಿ ಪುಣ್ಯದ ಲಕ್ಷಣವೇನೂ ಕಾಣುವುದಿಲ್ಲ.

ಹೆಬ್ಬಾತಿಗೆ ನಿಜವಾಗಿ ಬೇಕಾದದ್ದು ಬೇರೆ: ಹಿನ್ನೀರ ದಂಡೆಯ ಎರೆಹೊಲದ ಕಡಲೆಯ ಎಳೆ ಕುಡಿ. ಅದಕ್ಕೆ ಬಾಯಿ ಹಾಕಿದರೆ ಪಟಾಕಿ. ರೈತನ ಸಿಟ್ಟು ನ್ಯಾಯದ್ದೇ. ಅವನ ಬೆಳೆಯೇನೂ ಹಳಸಿಲ್ಲ. ‘ಅವಕ್ಕ ನಿಮ್ಮ ಚಿತ್ರಾನ್ನದ ರುಚಿ ಲಗೂನ ಹತ್ತಿಸ್ರಿ ಸಾಹೇಬ್ರ, ನಮ್ಮ ಕಡಲಿರೆ ಉಳೀಲಿ’ ಎಂದು ಅವನು ಕೈ ಮುಗಿದರೆ ಧರ್ಮಾತ್ಮರು ಅದನ್ನೂ ಆಶೀರ್ವಾದವೆಂದೇ ತಿಳಿಯುತ್ತಾರೆ.

ರುಚಿ ಹತ್ತಿದ ಮೇಲಿನ ಕಥೆ ಬೇಕಿದ್ದವರು ಬಾದಾಮಿಗೆ ಹೋಗಬಹುದು. ಮೊದಲ ಗುಹೆಯ ನಟರಾಜನಿಗೆ 18 ಕೈ. ಅವನನ್ನು ನೋಡಲು ಮೆಟ್ಟಿಲೇರುವವರಿಗೆ ಎರಡೇ, ಅವೆರಡೂ ಮಂಗಗಳಿಂದ ಚೀಲ ಕಾಯುವುದಕ್ಕೇ ಸಾಲವು. ಬಾಳೆಹಣ್ಣು ಕೊಟ್ಟು ಕೊಟ್ಟು ಕಲಿಸಿದವರು ನಾವು. ಈಗ ‘ಮಂಗಗಳಿಗೆ ಸಂಸ್ಕಾರವಿಲ್ಲ’ ಎನ್ನುವವರೂ ನಾವೇ.

2019ರಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ವಲಸೆ ಹಕ್ಕಿಗಳು ಬಾಟ್ಯುಲಿಸಂ ವಿಷಕ್ಕೆ ಕತ್ತು ಚೆಲ್ಲಿದವು. ಅಲ್ಲಿ ಯಾರೂ ಚಿತ್ರಾನ್ನ ಸುರಿದಿರಲಿಲ್ಲ, ನಿಜ. ಆದರೆ ಆ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾ ಬಯಸುವುದು ಕೊಳೆತ ಪದಾರ್ಥ ಮತ್ತು ಗಾಳಿಯಾಡದ ಕೆಸರು. ನಾವು ಮನೆ ಬಾಗಿಲಿಗೇ ಸರಬರಾಜು ಮಾಡುತ್ತಿದ್ದೇವೆ.

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂದು ಎಣಿಸುವುದು ಕೊಲ್ಲುವುದನ್ನಷ್ಟೇ ಅಲ್ಲ; ಬಲೆ ಬೀಸುವುದು, ಅಟ್ಟುವುದರ ಜತೆಗೆ ಆಮಿಷ ಒಡ್ಡುವುದೂ ಅದರಲ್ಲಿದೆ. ಫೋಟೊಕ್ಕಾಗಿ ಹಕ್ಕಿಯನ್ನು ಹತ್ತಿರ ಕರೆಯಲು ಬ್ರೆಡ್ ಎಸೆಯುವವರು ಈ ಸಾಲನ್ನು ಒಮ್ಮೆ ಓದಿಕೊಳ್ಳಲಿ. ಪುಣ್ಯಕ್ಕೆ ಈ ಕಾಯ್ದೆ ಮನುಷ್ಯರಿಗೆ ಅನ್ವಯಿಸುವುದಿಲ್ಲ. ಅನ್ವಯಿಸಿದ್ದರೆ ಚುನಾವಣೆ ಹೊತ್ತಿಗೆ ಅರಣ್ಯ ಇಲಾಖೆಗೆ ಊಟ ಮಾಡಲೂ ಪುರುಸೊತ್ತು ಸಿಗುತ್ತಿರಲಿಲ್ಲ.

ಹುನಗುಂದ ತಾಲೂಕಿನ ಕೂಡಲಸಂಗಮಕ್ಕೆ ಹೋಗುವ ಇದೇ ಧರ್ಮಾತ್ಮರು ದಾಸೋಹಕ್ಕೆಂದು ಹಳಸಿದ ಅನ್ನ ಒಯ್ಯುತ್ತಾರೆಯೇ? ಒಯ್ದರೆ ಪಂಕ್ತಿಯಲ್ಲಿ ಕೂತವರೇ ಎದ್ದು ವಿಚಾರಿಸಿಕೊಳ್ಳುತ್ತಾರೆ. ಹೆಬ್ಬಾತಿಗೆ ಕೊಕ್ಕಿದೆ, ಬಾಯಿಲ್ಲ.

ಇಳಕಲ್ಲಿನ ಮಹಾಂತ ಶ್ರೀಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು. ಕಾಳು ಬೇಡಲಿಲ್ಲ, ಕಾಸು ಬೇಡಲಿಲ್ಲ. ನಿಮ್ಮ ದುಶ್ಚಟ ಹಾಕಿರಿ ಎಂದರು. ಎಷ್ಟೋ ಜನ ಸೆರೆ, ಬೀಡಿ, ಗುಟ್ಕಾ ಬಿಟ್ಟರು. ಆ ಜೋಳಿಗೆ ಇವತ್ತು ಹಿನ್ನೀರ ದಂಡೆಗೆ ಬಂದರೆ ನಮ್ಮ ಧರ್ಮಾತ್ಮರು ಭಕ್ತಿಯಿಂದ ಮುಂದೆ ಬಂದು, ಡಿಕ್ಕಿ ತೆಗೆದು, ಉಳಿದ ಚಿತ್ರಾನ್ನವನ್ನು ಅದಕ್ಕೂ ಸುರಿಯುತ್ತಾರೆ.