16ನೇ ವಾರ್ಡಿನ ಮೆಂಬರ್ರು

ಪುರಸಭೆಗೆ ಒಮ್ಮೆ ಗೆದ್ದು ಬಂದವರನ್ನು ಊರು ಆಮೇಲೆ ಹೆಸರು ಹಿಡಿದು ಕರೆಯುವುದಿಲ್ಲ. ಮುಂದಿನ ಸಲ ಸೋಲಲಿ, ಪಕ್ಷ ಬದಲಿಸಲಿ, ಹತ್ತು ವರ್ಷ ಮನೆ ಜಗಲಿಯಲ್ಲೇ ಕೂತಿರಲಿ, ಅವರು ಮೆಂಬರ್ರೇ. ಮದುವೆ ಕಾರ್ಡಿನಲ್ಲಿ ‘ಪುರಸಭೆ ಮಾಜಿ ಸದಸ್ಯರು’ ಎಂದು ಅಚ್ಚಾಗಿರುತ್ತದೆ. ಚಪ್ಪರದ ಬಾಗಿಲಲ್ಲಿ ನಿಂತವರು ಮಾತ್ರ ‘ಬನ್ನಿ ಮೆಂಬರ್ರೇ, ಮೊದಲನೇ ಪಂಕ್ತಿಗೇ ಕೂತ್ಬಿಡಿ’ ಎಂದೇ ಕೂಗುತ್ತಾರೆ. ಹೆಂಡತಿ ಕೂಡ ಹಾಲಿನವನಿಗೆ ‘ಮೆಂಬರ್ರು ಇನ್ನೂ ಎದ್ದಿಲ್ಲ, ನಾಳೆ ದುಡ್ಡು ಇಸ್ಕೊಳಪ್ಪ’ ಅನ್ನುತ್ತಾರೆ.

ನಮ್ಮ ಮೆಂಬರ್ರದು ಬಯಲುಸೀಮೆಯಲ್ಲಿ ಹೆದ್ದಾರಿಗೆ ಅಂಟಿಕೊಂಡ 27 ವಾರ್ಡಿನ ಪುರಸಭೆ. ಜನಸಂಖ್ಯೆ 20,000 ದಾಟಿದರೆ ಪುರಸಭೆ, 50,000 ದಾಟಿದರೆ ನಗರಸಭೆ. 2011ರ ಜನಗಣತಿಯಲ್ಲಿ ಈ ಊರು ನಗರಸಭೆಯಾಗುವುದು ಸ್ವಲ್ಪದರಲ್ಲಿ ತಪ್ಪಿತು. ಗಣತಿಯ ದಿನ ಸಂತೆ ಇದ್ದಿದ್ದರೆ ಆಗಿಬಿಡುತ್ತಿತ್ತು ಎಂದು ಮೆಂಬರ್ರು ಈಗಲೂ ಕೊರಗುತ್ತಾರೆ. ಮುಖ್ಯಾಧಿಕಾರಿಯ ಕುರ್ಚಿಗೆ ಪೌರಾಯುಕ್ತರು ಬರುತ್ತಾರೆ, ವಾರ್ಡು 31 ಆಗುತ್ತವೆ ಎಂಬುದೆಲ್ಲ ಅವರಿಗೆ ದೊಡ್ಡದಲ್ಲ. ಬೋರ್ಡಿನ ಮೇಲೆ ‘ನಗರಸಭೆ’ ಎಂದು ಬಿದ್ದ ಮಾರನೇ ದಿನ ಸೈಟಿನ ಚದರಡಿ ರೇಟು ಎಷ್ಟಾಗುತ್ತದೆ ಅನ್ನುವುದೇ ಅವರ ತಲೆಯಲ್ಲಿರುವುದು.

ಬೆಳಗ್ಗೆ ಆರೂವರೆಗೆ ಬಸ್‌ಸ್ಟ್ಯಾಂಡ್ ಎದುರಿನ ಟೀ ಅಂಗಡಿಯಲ್ಲಿ ಅವರ ದರ್ಬಾರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಫೋನು: ಒಂದು ಎತ್ತುವುದಕ್ಕೆ, ಇನ್ನೊಂದು ಎತ್ತದೇ ಇರುವುದಕ್ಕೆ.

‘ಮೆಂಬರ್ರೇ, ಮೋರಿ ಕಟ್ಕೊಂಡು ಮೂರು ದಿನ ಆಯ್ತು. ಅಡುಗೆ ಮನೆಗೆ ವಾಸನೆ.’

‘ಎಂಟು ಗಂಟೆ ಒಳಗೆ ಜನ ಬರ್ತಾರೆ, ಹೋಗಕ್ಕ.’

ಬರುತ್ತಾರೆ ಕೂಡ. ಇದನ್ನು ಅವರ ವಿರೋಧಿಗಳೂ ಒಪ್ಪುತ್ತಾರೆ. 500 ಜನಕ್ಕೆ ಒಬ್ಬರು ಪೌರಕಾರ್ಮಿಕರಿರಬೇಕು ಎಂದು ಐ.ಪಿ.ಡಿ. ಸಾಲಪ್ಪ ಸಮಿತಿ ಹೇಳಿ ದಶಕಗಳಾದವು. ಸರ್ಕಾರ ಅದನ್ನು 700ಕ್ಕೆ ಒಬ್ಬರು ಎಂದು ಹಿಗ್ಗಿಸಿತು. ಈ ಊರಿನಲ್ಲಿ ಆ ಲೆಕ್ಕವೂ ತುಂಬಿಲ್ಲ. ಇರುವ ಕೆಲವರನ್ನೇ ಹೆಲ್ತ್ ಇನ್‌ಸ್ಪೆಕ್ಟರ್ ಮೂಲಕ ತಮ್ಮ ವಾರ್ಡಿಗೆ ಎಳೆದುಕೊಳ್ಳುವುದು ಸಾಮಾನ್ಯದ ವಿದ್ಯೆಯಲ್ಲ. ಪೌರಕಾರ್ಮಿಕರು ಬಂದು ಹೂಳು ಎತ್ತಿ, ಒಣಗಲಿ ಎಂದು ಮೋರಿಯ ದಂಡೆಯ ಮೇಲೆಯೇ ಗುಡ್ಡೆ ಹಾಕುತ್ತಾರೆ. ಅದನ್ನು ಸಾಗಿಸುವ ಟ್ರ್ಯಾಕ್ಟರ್ ನಾಳೆ ಬರಬೇಕು. ಮಳೆ ಇವತ್ತು ಸಂಜೆಯೇ ಬರುತ್ತದೆ. ರಾತ್ರಿಯೊಳಗೆ ಹೂಳು ಯಾರ ನೆರವೂ ಇಲ್ಲದೆ ಸ್ವಸ್ಥಾನ ಸೇರುತ್ತದೆ. ಎತ್ತಿದ ಲೆಕ್ಕ ಪುಸ್ತಕದಲ್ಲಿರುತ್ತದೆ, ಇಳಿದ ಲೆಕ್ಕ ಯಾರೂ ಬರೆಯುವುದಿಲ್ಲ.

ಮೆಂಬರ್ರು ಹುಟ್ಟಾ ಮೆಂಬರ್ರಲ್ಲ. ಅದಕ್ಕೆ ಮೊದಲು ಲೇಔಟ್ ಮಾಡುತ್ತಿದ್ದರು, ಅದಕ್ಕೂ ಮೊದಲು ಸರ್ವೆಯವರು ಬಂದಾಗ ಚೈನು ಹಿಡಿಯುತ್ತಿದ್ದರು. 33 ಅಡಿಯ ಚೈನಿಗೆ 16 ಆಣೆ. 33 ಅಡಿ ಚಚ್ಚೌಕವೆಂದರೆ ಒಂದು ಗುಂಟೆ, ಅಂದರೆ 1,089 ಚದರಡಿ. ಜನ ಕೇಳುವ ಮೂವತ್ತು–ನಲವತ್ತರ ಸೈಟು 1,200 ಚದರಡಿ. ಹೀಗಾಗಿ ಗುಂಟೆಗೊಂದು ಸೈಟು ಮಾಡಹೊರಟರೆ ಪ್ರತಿ ಸೈಟಿಗೂ 111 ಅಡಿ ಕಮ್ಮಿ ಬೀಳುತ್ತದೆ. ಆ 111 ಅಡಿ ಎಲ್ಲಿಂದ ತರುವುದು ಎಂಬ ಚಿಂತೆಯಲ್ಲೇ ಅವರ ಸಾರ್ವಜನಿಕ ಜೀವನ ಶುರುವಾಯಿತು.

2008ರ ಸುಮಾರಿಗೆ ಊರಾಚೆಯ ಕೆರೆ ಕೆಳಗೆ 2 ಎಕರೆ 10 ಗುಂಟೆ ಅವರ ಕೈಗೆ ಬಂತು. ಕಾನೂನಿನ ದಾರಿ ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಕನ್ವರ್ಷನ್ ಆಗಬೇಕು, ನಗರ ಯೋಜನೆಯವರಿಂದ ನಕ್ಷೆ ಮಂಜೂರಾಗಬೇಕು, 30 ಅಡಿ ರಸ್ತೆ ಬಿಡಬೇಕು, ಪಾರ್ಕಿಗೆ ಶೇ 10, ನಾಗರಿಕ ಸೌಲಭ್ಯದ ಸಿಎ ಸೈಟಿಗೆ ಶೇ 5 ಬರೆದುಕೊಡಬೇಕು. ಇಷ್ಟನ್ನೂ ಕಳೆದು ಉಳಿದದ್ದರಲ್ಲಿ 45 ಸೈಟು ಎಬ್ಬಿಸುವುದೇ ಕಷ್ಟ. ಅವರ ನಕ್ಷೆಯಲ್ಲಿ 64 ಇದ್ದವು. ರಸ್ತೆಯನ್ನು 20 ಅಡಿಗೆ ಇಳಿಸಿದರು. ಪಾರ್ಕನ್ನು ಬಣ್ಣದ ಕರಪತ್ರದಲ್ಲಿ ಬಿಟ್ಟರು. ಅಲ್ಲಿ ಉಯ್ಯಾಲೆಯಾಡುತ್ತಿದ್ದ ಮಕ್ಕಳ ಕೂದಲು ಕೆಂಚಾಗಿತ್ತು, ಹಿಂದುಗಡೆ ಹಿಮದ ಬೆಟ್ಟವಿತ್ತು. ಆಗ ಆ ಜಾಗ ಗ್ರಾಮ ಪಂಚಾಯಿತಿಯದು. ನಮೂನೆ 9 ಮತ್ತು 11 ಕಂಪ್ಯೂಟರಿಗೆ ಏರುವ ಇ-ಸ್ವತ್ತು 2013ರಲ್ಲಿ ಬರುವವರೆಗೆ ಕಾರ್ಯದರ್ಶಿಯ ಕೈಬರಹವೇ ವೇದವಾಕ್ಯ.

ಇಷ್ಟಾದರೂ ಲೆಕ್ಕ ಪೂರ್ತಿ ಕೂಡುವುದಿಲ್ಲ, ಅಲ್ಲವೆ? ಉಳಿದ ಜಾಗ ಎಲ್ಲಿಂದ ಬಂತು ಎಂದರೆ, ಆ ಸರ್ವೆ ನಂಬರಿನ ಮೈಗೆ ಹತ್ತಿ 8 ಗುಂಟೆ ಬಿ ಖರಾಬು ಇತ್ತು. ಹಳ್ಳ, ದಾರಿ, ಸ್ಮಶಾನದಂಥ, ಯಾರದ್ದೂ ಅಲ್ಲದ, ಅಂದರೆ ಎಲ್ಲರದ್ದೂ ಆದ ಜಮೀನಿಗೆ ಕಂದಾಯದವರು ಬಿ ಖರಾಬು ಅನ್ನುತ್ತಾರೆ. ಗ್ರಾಮ ನಕ್ಷೆಯಲ್ಲಿ ಕೆರೆಕೋಡಿಯಿಂದ ಹೊರಟು ಇಲ್ಲಿ ಮೈಮುರಿಯುವ ಹಳ್ಳದ ಗೆರೆ ಸ್ಪಷ್ಟವಾಗಿದೆ. ‘ನನಗೆ ಬುದ್ಧಿ ಬಂದಾಗಿನಿಂದ ಇದರಲ್ಲಿ ಒಂದು ಚೊಂಬು ನೀರು ಕಂಡಿಲ್ಲ’ ಎಂದ ಮೆಂಬರ್ರು ಎರಡು ದಿನ ಜೆಸಿಬಿ ಬಿಟ್ಟರು. ಹಳ್ಳದ ಮೇಲೆ ಬಿದ್ದ ಸೈಟುಗಳಲ್ಲಿ 14ನೇ ನಂಬರಿನದು ಮೂಲೆ ಸೈಟು. ಅದನ್ನು ಮಾತ್ರ ಮಾರದೆ ಉಳಿಸಿಕೊಂಡರು. ‘ನಿಮ್ಮ ಹೆಸರಿಗೆ ಭೂಮಿ ಆಗಿಬರಲ್ಲ’ ಎಂದು ಜೋಯಿಸರು ಹೇಳಿದ್ದರಿಂದ ಹೆಂಡತಿಯ ಹೆಸರಿಗೆ ಮಾಡಿಸಿದರು.

2016ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅವನಿ ಶೃಂಗೇರಿ ನಗರದಲ್ಲಿ ರಾಜಕಾಲುವೆ ಒತ್ತುವರಿ ಎಂದು ಮನೆಗಳನ್ನು ಕೆಡವಿದ್ದನ್ನು ಟಿವಿಯಲ್ಲಿ ದಿನವಿಡೀ ತೋರಿಸಿದರು. ಸಾಲ ಮಾಡಿ ಕಟ್ಟಿದವರು ಬೀದಿಯಲ್ಲಿ ನಿಂತು ಅಳುತ್ತಿದ್ದರು. ಮೆಂಬರ್ರು ರಿಮೋಟ್ ತೆಗೆದುಕೊಂಡು ಧಾರಾವಾಹಿ ಹಾಕಿದರು.

ಸೈಟು ಕೊಂಡವರಾದರೂ ಯಾರು? ಮೇಷ್ಟ್ರುಗಳು, ಕಂಡಕ್ಟರುಗಳು, ಗಾರ್ಮೆಂಟ್ಸ್‌ನಲ್ಲಿ ದುಡಿದು ಚೀಟಿ ಎತ್ತಿದವರು. ಮಂಜೂರಾದ ಬಡಾವಣೆಯ ರೇಟಿನಲ್ಲಿ ಅವರಿಗೆ ಬಾಗಿಲಷ್ಟು ಜಾಗವೂ ಬರುತ್ತಿರಲಿಲ್ಲ. ‘ಮುಂದೆ ಅಕ್ರಮ ಸಕ್ರಮದಲ್ಲಿ ಎಲ್ಲ ಸರಿ ಹೋಗತ್ತೆ ಯಜಮಾನ್ರೇ’ ಎಂದಿದ್ದರು ಮೆಂಬರ್ರು. ಆ ಯೋಜನೆಗೆ ಹೈಕೋರ್ಟು 2016ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಾಗ ಬಡಾವಣೆಯಲ್ಲಿ ಲಾಡು ಹಂಚಿದರು. ಮರು ತಿಂಗಳೇ ಸುಪ್ರೀಂ ಕೋರ್ಟು ತಡೆ ಕೊಟ್ಟಿತು, ಆದರೆ ಲಾಡು ಖರ್ಚಾಗಿ ಹೋಗಿತ್ತು. 2025ರ ಫೆಬ್ರುವರಿಯಲ್ಲಿ ಸರ್ಕಾರ ನಗರ ಸಂಸ್ಥೆಗಳಲ್ಲಿ ಅನಧಿಕೃತ ಸೈಟುಗಳಿಗೆ ಬಿ ಖಾತೆ ಕೊಡುವ ಅಭಿಯಾನ ಶುರು ಮಾಡಿ, 2024ರ ಸೆಪ್ಟೆಂಬರ್ 10ರೊಳಗೆ ನೋಂದಣಿಯಾದವರು ಅರ್ಜಿ ಹಾಕಲಿ ಎಂದಿತು. ‘ನಾನು ಹೇಳಿರ್ಲಿಲ್ವಾ?’ ಎಂದು ಮೆಂಬರ್ರು ಅಂಗಿ ಸರಿಮಾಡಿಕೊಂಡರು. ಹದಿನೇಳು ವರ್ಷದ ಹಿಂದೆ ಕೊಟ್ಟ ಮಾತು ಅರ್ಧ ಅಕ್ಷರದಷ್ಟು ನಿಜವಾದರೂ ಅದು ಅವರ ಖಾತೆಗೇ ಜಮಾ.

ಅವರು ಮೆಂಬರ್ರಾದದ್ದು ಹೀಗೆ: 2013ರ ಚುನಾವಣೆ ಹೊತ್ತಿಗೆ ಆ ಬಡಾವಣೆ ಪುರಸಭೆಗೆ ಸೇರಿ 16ನೇ ವಾರ್ಡಿನ ಭಾಗವಾಗಿತ್ತು. ನೀರಿಲ್ಲ, ದೀಪವಿಲ್ಲ, ಮೋರಿಯಿಲ್ಲ ಎಂದು ಗೋಳಾಡುತ್ತಿದ್ದ ಅಲ್ಲಿನ ಮನೆಯವರು ಇದನ್ನೆಲ್ಲ ಮಾಡಿಸಲು ಯಾರು ಸಮರ್ಥರು ಎಂದು ಯೋಚಿಸಿದರು. ಸಮಸ್ಯೆಯನ್ನು ಬುಡದಿಂದ ಬಲ್ಲವರು ಒಬ್ಬರೇ ಇದ್ದರು. ಅವರನ್ನೇ ಗೆಲ್ಲಿಸಿದರು.

ಇನ್ನು ಸಾಮಾನ್ಯ ಸಭೆ. ವಿಷಯಸೂಚಿಯ ಮೊದಲ ಬಾಬತ್ತು ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು. ಎರಡನೆಯದು ಜಮಾ-ಖರ್ಚು: ಬ್ಲೀಚಿಂಗ್ ಪೌಡರ್, ಟ್ಯಾಂಕರ್ ಬಾಡಿಗೆ, ಮೋಟಾರ್ ರಿಪೇರಿ. ಬೇಸಿಗೆಯಲ್ಲಿ ಸುಟ್ಟ ಮೋಟಾರುಗಳ ಸಂಖ್ಯೆ ಊರಿನ ಬೋರ್‌ವೆಲ್ಲುಗಳ ಸಂಖ್ಯೆಗಿಂತ ಹೆಚ್ಚಿದ್ದರೆ ಅದನ್ನು ಯಾರೂ ಎತ್ತುವುದಿಲ್ಲ. ನಿಜವಾದ ಸಭೆ ನಡೆಯುವುದು ಕೊನೆಯ ಬಾಬತ್ತಿನಲ್ಲಿ, ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’. ಅಷ್ಟರಲ್ಲಿ ಬೋಂಡಾ, ಕಾಫಿ ಬಂದಿರುತ್ತದೆ. ಟೆಂಡರಿಗೆ ವಿನಾಯಿತಿ ಕೊಡುವ ಕೆಟಿಪಿಪಿ ಕಾಯ್ದೆಯ 4(ಜಿ) ಕಲಮು ಎಲ್ಲರ ಬಾಯಲ್ಲೂ ಬರುತ್ತದೆ. ಮೊಬೈಲಿಗೆ ಬರುವ ಮೊದಲೇ ಊರಿಗೆ 4ಜಿ ತಂದವರು ತಾವು ಎಂಬುದು ಮೆಂಬರ್ರ ಹಳೇ ಜೋಕು. ಇಂಥ ಸಭೆಗೆ ಕೈಯಲ್ಲಿ ಕಾಸಿಲ್ಲ, ಬರುವ ಕಾಸಿಗೆಲ್ಲ ಮೇಲಿನವರ ಹಗ್ಗ ಕಟ್ಟಿರುತ್ತದೆ ಎಂಬುದನ್ನೂ ಹೇಳಬೇಕು. ಎಸ್‌ಎಫ್‌ಸಿ, ಹಣಕಾಸು ಆಯೋಗ, ನಗರೋತ್ಥಾನ, ಯಾವ ಹೆಸರಿನಲ್ಲಿ ಅನುದಾನ ಬಂದರೂ ಜಗಳವಾಗಬಾರದೆಂದು 27 ಪಾಲು ಮಾಡುತ್ತಾರೆ. ಹೀಗಾಗಿ 16ರಲ್ಲಿ 60 ಮೀಟರ್ ಮೋರಿ, 17ರಲ್ಲಿ 40 ಮೀಟರ್ ಮೋರಿ, ನಡುವೆ ಹಾಳು ನೆಲ. ಎರಡೂ ಕಡೆ ಉದ್ಘಾಟನೆಯ ಕಲ್ಲುಗಳಿವೆ. ನೀರು ಕಲ್ಲು ಓದುವುದಿಲ್ಲ.

ಒಂದು ಸಭೆಯಲ್ಲಿ ಮೆಂಬರ್ರು ಎದ್ದರು: ‘ಅಧ್ಯಕ್ಷರೇ, ನಮ್ಮ ವಾರ್ಡಿನ ನೀರು 17ಕ್ಕೆ ಹರಿದು ಹೋಗ್ಬೇಕು. ಇವರು ದಾರಿ ಬಿಡ್ತಿಲ್ಲ.’

‘ನಿಮ್ಮ ನೀರು ನೀವೇ ಇಟ್ಕೊಳ್ರಣ್ಣ’ ಎಂದರು 17ನೇ ವಾರ್ಡಿನವರು. ‘ಸೈಟ್ ಮಾರಿದ ದುಡ್ಡು ನಮ್ಮ ವಾರ್ಡಿಗೆ ಹರೀಲಿಲ್ಲವಲ್ಲ.’

ಹೊಸದಾಗಿ ಬಂದಿದ್ದ ಜೂನಿಯರ್ ಎಂಜಿನಿಯರ್ (ಜೆಇ) ಹುಡುಗ ಲೆವೆಲ್ ಹಿಡಿದು ನೋಡಿದ್ದ. ‘ಸಾರ್, ಲೆವೆಲ್ ಪ್ರಕಾರ ನೀರು 17ಕ್ಕೂ ಹೋಗಲ್ಲ, 15ಕ್ಕೆ ಹೋಗತ್ತೆ’ ಎಂದ. 15 ಅಧ್ಯಕ್ಷರ ಸ್ವಂತ ವಾರ್ಡು. ಇಳಿಜಾರನ್ನು ಮರುಪರಿಶೀಲಿಸುವಂತೆ ಸಭೆ ಒಮ್ಮತದಿಂದ ತೀರ್ಮಾನಿಸಿತು.

2017ರ ಹಿಂಗಾರಿನಲ್ಲಿ ಕೆರೆ ತುಂಬಿ ಕೋಡಿ ಬಿತ್ತು. ರಾತ್ರಿ ಎರಡು ಗಂಟೆಗೆ 3ನೇ ಅಡ್ಡರಸ್ತೆಯ ಮನೆಗಳಲ್ಲಿ ಪಾತ್ರೆ ತೇಲುತ್ತಿದ್ದವು. ಮುಖ್ಯಾಧಿಕಾರಿ ಜಿಲ್ಲಾ ಕೇಂದ್ರದ ತಮ್ಮ ಮನೆಯಲ್ಲಿ ನಿದ್ದೆಯಲ್ಲಿದ್ದರು. ಮೆಂಬರ್ರು ಪಂಚೆ ಮೇಲೆ ಕಟ್ಟಿ, ಟಾರ್ಚು ಹಿಡಿದು, ಷಡ್ಡಕನ ಜೆಸಿಬಿಯನ್ನು ಮುಂದೆ ಬಿಟ್ಟುಕೊಂಡು ಬಂದರು. ಎಲ್ಲಿ ಅಗೆಯಬೇಕೆಂದು ಡ್ರೈವರ್ ಕೇಳುವ ಮೊದಲೇ 15ನೇ ನಂಬರ್ ಸೈಟಿನ ಕಾಂಪೌಂಡಿಗೆ ಟಾರ್ಚು ಬಿಟ್ಟು ‘ಇಲ್ಲಿ ಒಡಿ’ ಎಂದರು. ಒಡೆದದ್ದೇ ತಡ, ಬಡಾವಣೆಯ ನೀರೆಲ್ಲ ಭೋರ್ಗರೆದು ಅತ್ತ ಇಳಿಯಿತು. ಜೆಇ ಹುಡುಗ ದಂಗಾದ.

‘ಬಡಾವಣೆ ನಕ್ಷೇಲಿ ಏನೂ ಇಲ್ವಲ್ಲ ಸಾರ್, ನಿಮಗೆ ಹೇಗೆ ಗೊತ್ತಾಯ್ತು?’

‘ಮುಚ್ಚಿಸಿದ್ದು ನಾನೇ ಅಲ್ವೇನಪ್ಪ.’

ಆ ರಾತ್ರಿ ಇಬ್ಬರು ಅಜ್ಜಿಯರನ್ನು ಬೆನ್ನ ಮೇಲೆ ಹೊತ್ತು ತಂದು ಶಾಲೆಯಲ್ಲಿ ಕೂರಿಸಿದವರು ಅವರೇ. ಬೆಳಗ್ಗೆ ಸ್ವಂತ ಖರ್ಚಿನಲ್ಲಿ ಚಿತ್ರಾನ್ನ ಹಂಚಿದವರೂ ಅವರೇ. ಮುಂದಿನ ಸಭೆಯಲ್ಲಿ ಜೆಸಿಬಿಯ ಮೂರು ಗಂಟೆ ಕೆಲಸಕ್ಕೆ ಹನ್ನೊಂದು ಗಂಟೆಯ ಬಿಲ್ಲು ಇಟ್ಟು ಘಟನೋತ್ತರ ಮಂಜೂರಾತಿ ಪಡೆದವರೂ ಅವರೇ. ಇವರಲ್ಲಿ ಯಾರು ಅಸಲಿ ಎಂದು ಹುಡುಕುವುದು ದಂಡ. ಮೂವರೂ ಒಂದೇ ಅಂಗಿಯೊಳಗಿದ್ದಾರೆ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಭಕ್ಷಿಕೆರೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ ಸುದ್ದಿ ಬಂದಾಗ ಟೀ ಅಂಗಡಿಯಲ್ಲಿ ಎಲ್ಲರೂ ಮೆಂಬರ್ರ ಮುಖ ನೋಡಿದರು. ‘ಅಲ್ಲಿ ಹಳ್ಳ ಗೊತ್ತಿದ್ದೋರು ಯಾರೂ ಇರ್ಲಿಲ್ಲ ಅನ್ಸತ್ತೆ’ ಎಂದರು ಅವರು, ಟೀ ಆರಿಸಿಕೊಳ್ಳುತ್ತ.

2018ಕ್ಕೆ ವಾರ್ಡು ಮಹಿಳಾ ಮೀಸಲಾಯಿತು. ಫ್ಲೆಕ್ಸ್‌ನಲ್ಲಿ ಮೆಂಬರ್ರು ಕೈಮುಗಿದು ನಿಂತರು, ಅಭ್ಯರ್ಥಿಯಾದ ಹೆಂಡತಿ ಅವರ ಹೆಗಲ ಹಿಂದೆ ಅಂಚೆಚೀಟಿಯಷ್ಟು ಕಂಡರು. ಆಗಸ್ಟ್ 31ಕ್ಕೆ ಮತದಾನ, ಸೆಪ್ಟೆಂಬರ್ 3ಕ್ಕೆ ಗೆಲುವು, ಪಟಾಕಿ. ಆಮೇಲೆ ಏನೂ ಇಲ್ಲ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟು ಹತ್ತಿತು. ಮೊದಲ ಸಭೆ ಕೂಡದೆ ಗೆದ್ದವರಿಗೆ ಪ್ರಮಾಣವಚನವೂ ಇಲ್ಲ. ರಾಜ್ಯದ ನೂರಕ್ಕೂ ಹೆಚ್ಚು ಊರುಗಳಲ್ಲಿ ಗೆದ್ದವರು 2020ರ ಕೊನೆಯವರೆಗೆ ಹಾರ ಒಣಗಿಸಿಕೊಂಡು ಕೂತರು. ನಮ್ಮ ಮೆಂಬರ್ರಿಗೆ ಮಾತ್ರ ಯಾವ ಅಡಚಣೆಯೂ ಆಗಲಿಲ್ಲ. ಟೀ ಅಂಗಡಿ ದರ್ಬಾರಿಗೆ ಪ್ರಮಾಣವಚನ ಬೇಕಿಲ್ಲವಲ್ಲ.

ಆ ಎರಡು ವರ್ಷ ಹೆಂಡತಿ ಸುಮ್ಮನೆ ಕೂರಲಿಲ್ಲ ಎಂಬುದನ್ನು ಅವರು ಗಮನಿಸಲಿಲ್ಲ. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆದು ಪಳಗಿದ ಕೈ ಅದು. ಮನೆಯಲ್ಲಿ ಬಿದ್ದಿದ್ದ ನಡಾವಳಿ ಪ್ರತಿ, ಎಸ್ಟಿಮೇಟು, ನಕ್ಷೆ ಎಲ್ಲವನ್ನೂ ಮಧ್ಯಾಹ್ನದ ಹೊತ್ತು ಒಂದೊಂದಾಗಿ ಓದಿ ಮುಗಿಸಿದ್ದರು.

ಕೊನೆಗೂ ಸಭೆ ಕೂಡಿತು. ಸದಸ್ಯೆಯರ ಗಂಡಂದಿರಿಗೆ ಒಳಗೆ ಜಾಗವಿಲ್ಲ ಎಂದಿದ್ದರಿಂದ ಮೆಂಬರ್ರು ಕಿಟಕಿ ಹೊರಗೆ ನಿಂತು ಕಣ್ಸನ್ನೆ ಮಾಡುತ್ತಿದ್ದರು. ಇತರೆ ವಿಷಯಗಳಿಗೆ ಬಂದಾಗ ಆಕೆ ಎದ್ದರು. ಕೈಯಲ್ಲಿ ಎಸ್ಟಿಮೇಟಿನ ಹಾಳೆ ಇತ್ತು.

‘ಸಾರ್, 3ನೇ ಅಡ್ಡರಸ್ತೆಗೆ 60 ಮೀಟರ್ ಮೋರಿ ಅಂತ ಇದೆ. ನೀರು ಕೊನೆಗೆ ಎಲ್ಲಿಗೆ ಬಿಡ್ತೀರಿ?’

ಜೆಇ ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ಬೋಂಡಾದ ತಟ್ಟೆ ನೋಡಿದರು.

‘ಎಲ್ಲಿಗೂ ಇಲ್ಲ, ಅಲ್ವಾ? ಮೊದಲು ಹಳ್ಳ ಇದ್ದಿದ್ದು 14, 15ನೇ ನಂಬರ್ ಸೈಟಿನ ಮೇಲೆ. ಹೋದ ಸಲ ಪಾಪ 15ರವರ ಕಾಂಪೌಂಡ್ ಒಡೆಸಿದ್ರು. 14 ಖಾಲಿ ಇದೆ. ಅದರ ಮೇಲೇ ತಗೊಂಡು ಹೋಗಿ.’

ಕಿಟಕಿಯ ಸರಳುಗಳ ನಡುವೆ ಒಂದು ಕೈ ತೂರಿ ಬಂದು ಜೋರಾಗಿ ಆಡತೊಡಗಿತು.

‘ಖಾಸಗಿ ಸೈಟಲ್ವಾ ಮೇಡಂ’ ಎಂದರು ಮುಖ್ಯಾಧಿಕಾರಿ. ‘ಮಾಲೀಕರು ಒಪ್ಪಬೇಕಲ್ಲ?’

‘ಖಾತೆ ನನ್ನ ಹೆಸರಲ್ಲೇ ಇದೆ. ಬರ್ಕೊಳ್ಳಿ.’

ಮುಖ್ಯಾಧಿಕಾರಿ ಪೆನ್ನು ತೆರೆದು, ಸೂಚಕರ ಹೆಸರು ಬರೆದು, ಅನುಮೋದಕರು ಯಾರು ಎಂದು ಕೇಳಿದರು. ಕೇಳಿ ಮುಗಿಯುವಷ್ಟರಲ್ಲಿ 17ನೇ ವಾರ್ಡಿನವರು ಕಾಫಿ ಲೋಟ ಸಮೇತ ಎದ್ದು ನಿಂತಿದ್ದರು.