ಮೈಲೇಜ್ ಮಾವ

ಚಿತ್ರದುರ್ಗ ಸೀಮೆಯ ಯಾವ ಊರಿನ ಸರ್ಕಲ್ಲಿನಲ್ಲಾದರೂ ನಿಂತು ‘ಯಶವಂತಪುರಕ್ಕೆ ಈರುಳ್ಳಿ ಲೋಡು ಕಳಿಸಬೇಕಿತ್ತು’ ಎನ್ನಿ, ಮೈಲೇಜ್ ಮಾವ ಹಾಜರು. ಬಾಡಿಗೆ ಮಾತು ಆಮೇಲೆ. ಮೊದಲು ಅವನ ಪಿಕಪ್ಪಿನ ಪೂರ್ವಾಶ್ರಮದ ಕತೆ ಕೇಳಬೇಕು. ‘ತಗೊಂಡಾಗ ಹೈವೇಲಿ ಹದಿನಾರು ಕೊಡ್ತಿತ್ತು. ಈಗ ನೋಡಿ, ಹನ್ನೊಂದು.’ ಸಾಲ ಮಾಡಿ ಓದಿಸಿದ ಮಗ ಮನೆಗೆ ದುಡ್ಡು ಕಳಿಸುವುದನ್ನು ನಿಲ್ಲಿಸಿದರೆ ಅಪ್ಪ ಹೀಗೇ ಮಾತಾಡುತ್ತಾನೆ.

ಗಾಡಿಗೆ ಹದಿಮೂರು ವರ್ಷ. ವರ್ಷವರ್ಷವೂ ಆರ್‌ಟಿಓ ಮುಂದೆ ನಿಲ್ಲಿಸಿ ಎಫ್‌ಸಿ ಮಾಡಿಸಬೇಕಾದ ವಯಸ್ಸು. ಆದರೆ ‘ವಯಸ್ಸಾಯ್ತಲ್ಲ ಮಾವ’ ಎಂದುಬಿಟ್ಟರೆ ಮುಗಿಯಿತು, ಚಹಾದ ಲೋಟ ಕೆಳಗಿಟ್ಟು ಎದ್ದು ಹೋಗುತ್ತಾನೆ. ಅವನ ಪ್ರಕಾರ ವಯಸ್ಸಿಗೂ ಮೈಲೇಜಿಗೂ ಸಂಬಂಧವೇ ಇಲ್ಲ. ಇದು ಯಾರೋ ಮಾಡುತ್ತಿರುವ ಪಿತೂರಿ.

ಮೊದಲ ಆರೋಪಿ ಬಂಕಿನವನು. ಸಾವಿರಕ್ಕೆ ಹಾಕಿಸಿದರೆ ಮೆಷಿನ್ನಿನಲ್ಲಿ ಮೊದಲೇ ಸೆಟ್ಟಿಂಗ್ ಇರುತ್ತದೆಂದು 1,010ಕ್ಕೆ ಹಾಕಿಸುತ್ತಾನೆ. ತಂಪು ಹೊತ್ತಿನಲ್ಲಿ ಡೀಸೆಲ್ ಗಟ್ಟಿಯೆಂದು ಬೆಳಗಿನ ಜಾವ ಐದಕ್ಕೇ ಬಂದು ನಿಲ್ಲುತ್ತಾನೆ. ನೆಲದಡಿ ಹೂತಿರುವ ಟ್ಯಾಂಕಿಗೆ ಬೆಳಗೂ ಒಂದೇ, ಬೈಗೂ ಒಂದೇ. ಫುಲ್ ಟ್ಯಾಂಕ್ ಲೆಕ್ಕದ ದಿನವಂತೂ ನೊರೆ ಇಳಿಯಲೆಂದು ಗಾಡಿಯನ್ನು ಹಿಡಿದು ಅಲ್ಲಾಡಿಸುತ್ತಾನೆ. ಕ್ಲೀನರ್ ಹುಡುಗ ಹಿಂದಿನಿಂದ ಕುಣಿಯುತ್ತಾನೆ. ಅನುಮಾನ ಕೆರಳಿದರೆ ಐದು ಲೀಟರಿನ ಅಳತೆ ಪಾತ್ರೆಯೇ ಬರಬೇಕು. ಅದು ಗ್ರಾಹಕನ ಹಕ್ಕು, ಬಂಕಿನವರು ಇಲ್ಲವೆನ್ನುವಂತಿಲ್ಲ, 25 ಮಿ.ಲೀ.ವರೆಗಿನ ಹೆಚ್ಚುಕಮ್ಮಿಗೆ ಕಾನೂನಿನಲ್ಲೇ ಮಾಫಿಯಿದೆ. ಹಿಂದೆ ಸಾಲುಗಟ್ಟಿದ ಗಾಡಿಗಳು ಹಾರ್ನ್ ಹೊಡೆಯುತ್ತಿರುವಾಗ ಡೀಸೆಲ್ ಸರಿಯಾಗಿ ಗೆರೆಗೆ ಬಂದು ನಿಲ್ಲುತ್ತದೆ. ಆಗ ಮಾವನ ಮುಖ ನೋಡಬೇಕು. ಅಷ್ಟು ನಿರಾಸೆ ಈರುಳ್ಳಿ ರೇಟು ಬಿದ್ದಾಗಲೂ ಆಗಿರಲಿಲ್ಲ.

ಎರಡನೆಯ ಆರೋಪಿ ಸರ್ಕಾರ. ‘ನೂರಕ್ಕೆ ಇಪ್ಪತ್ತು ಎಥೆನಾಲ್ ಸುರೀತಾರೆ, ಎಲ್ಲಿಂದ ಬರ್ಬೇಕು ಮೈಲೇಜು?’ ಸುರಿಯುವುದು ನಿಜ, ಪೆಟ್ರೋಲಿಗೆ. ಮಾವನದು ಡೀಸೆಲ್ ಗಾಡಿ. ಹಾಗೆಂದರೆ, ‘ಬಂಕು ಒಂದೇ ಅಲ್ವೇನ್ರಿ?’ 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿದಾಗಲೂ ಮೈಲೇಜು ಬಿತ್ತೆಂದು ಕೂಗಾಡಿದ. ಹೇಗೆ? ‘ಸಾವಿರ ರೂಪಾಯಿಗೆ ಓಡೋ ದೂರ ಕಮ್ಮಿ ಆಗಲಿಲ್ವಾ?’ ಇದಕ್ಕೆ ಉತ್ತರ ನನಗಿನ್ನೂ ಹೊಳೆದಿಲ್ಲ.

ಮೂರನೆಯದು ಗಾಳಿ. ದುರ್ಗದ ಗುಡ್ಡಗಳ ಮೇಲೆ ತಿರುಗುವ ವಿಂಡ್‌ಮಿಲ್ಲುಗಳತ್ತ ಬೆರಳು ಮಾಡಿ, ‘ಅಷ್ಟು ದೊಡ್ಡ ಫ್ಯಾನು ತಿರುಗಿಸೋ ಗಾಳಿ ನನ್ನ ಗಾಡೀನ ಬಿಡುತ್ತಾ?’ ಎನ್ನುತ್ತಾನೆ. ಮಾತಿನಲ್ಲಿ ಹುರುಳಿದೆ, ಆದರೆ ಗಾಳಿಯನ್ನು ಜಗಳಕ್ಕೆ ಕರೆಯುವವನು ಮಾವನೇ. ರಸ್ತೆ ಸಿಂಗಲ್ ಆಗಿ ಎನ್ಎಚ್ ಫೋರ್ ಅನ್ನಿಸಿಕೊಳ್ಳುತ್ತಿದ್ದ ಕಾಲದಲ್ಲಿ ಅರವತ್ತರಲ್ಲಿ ಹೋಗುತ್ತಿದ್ದವನು ಈಗ ತೊಂಬತ್ತಕ್ಕೆ ಕಮ್ಮಿ ಇಳಿಯುವುದಿಲ್ಲ. ‘ಟೋಲ್ ಕಟ್ಟಿಲ್ವಾ? ನಿಧಾನ ಹೋದ್ರೆ ದುಡ್ಡು ದಂಡ.’ ಅರವತ್ತರಿಂದ ತೊಂಬತ್ತಕ್ಕೆ ಏರಿದರೆ ಎದುರುಗಾಳಿಯ ತಡೆ ಎರಡೂಕಾಲು ಪಟ್ಟಾಗುತ್ತದೆ. ಟೋಲಿನ ದುಡ್ಡು ವಸೂಲು ಮಾಡಲು ಹೋಗಿ ಡೀಸೆಲ್ಲಿನ ದುಡ್ಡು ಕೈಬಿಡುವ ಈ ಲೆಕ್ಕದಲ್ಲಿ ಮಾವ ಒಬ್ಬನೇ ಇಲ್ಲ ಬಿಡಿ.

ಇನ್ನು ಗಾಡಿಗೆ ಮಾಡಿಸಿರುವ ಉಪಚಾರ. ಹಿಂದೊಮ್ಮೆ ಹಿರಿಯೂರು ದಾಟುವಷ್ಟರಲ್ಲಿ ಹೀಟ್ ಆಯಿತೆಂದು ಮೆಕ್ಯಾನಿಕ್ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತೆಸೆದ. ಅಂದಿನಿಂದ ಎಂಜಿನ್ ಹೀಟೇ ಆಗಿಲ್ಲವೆಂದು ಮಾವನಿಗೆ ಹೆಮ್ಮೆ. ಆಗಬೇಕಾದಷ್ಟೂ ಆಗುತ್ತಿಲ್ಲ, ತಣ್ಣಗಿನ ಎಂಜಿನ್ ಡೀಸೆಲ್ ಹೆಚ್ಚು ಕುಡಿಯುತ್ತಿದೆ ಎಂಬುದು ಅವನ ಕಿವಿಗೆ ಬೀಳುವ ಮಾತಲ್ಲ. ಓವರ್‌ಲೋಡಿಗೆಂದು ಎರಡು ಪಟ್ಟಾ ಹೆಚ್ಚು, ಮುಂದೆ ಮಣಭಾರದ ಬಂಪರು, ತಲೆಯ ಮೇಲೆ ಕ್ಯಾರಿಯರು. ಏರ್ ಫಿಲ್ಟರ್ ಬದಲಿಸಲು ಹೇಳಿದರೆ ಬಿಚ್ಚಿ, ಟಯರಿಗೆ ಎರಡು ಸಲ ಬಡಿದು, ಮತ್ತೆ ಅದನ್ನೇ ಹಾಕುತ್ತಾನೆ.

ಎಲ್ಲಕ್ಕಿಂತ ಮಜಾ ಆ ಟಯರಿನದು. ನೋಡಲು ಗತ್ತಾಗಿರಲೆಂದು ಒಂದು ಸೈಜು ದೊಡ್ಡದು ಹಾಕಿಸಿದ್ದಾನೆ. ದೊಡ್ಡ ಟಯರು ಒಂದು ಸುತ್ತಿಗೆ ಹೆಚ್ಚು ದೂರ ಉರುಳುತ್ತದೆ. ಮೀಟರು ಮಾತ್ರ ಹಳೇ ಟಯರಿನ ಲೆಕ್ಕವನ್ನೇ ಬರೆಯುತ್ತದೆ. ಟಯರು ನೂರಕ್ಕೆ ನಾಲ್ಕರಷ್ಟು ದೊಡ್ಡದಾದರೂ, ಗಾಡಿ 200 ಕಿ.ಮೀ. ಓಡಿದಾಗ ಮೀಟರು 192 ಎನ್ನುತ್ತದೆ. ಅಂದರೆ ಕಳೆದುಹೋದ ಐದರಲ್ಲಿ ಸುಮಾರು ಅರ್ಧ ಕಿಲೋಮೀಟರು ಕಳೆದೇ ಇಲ್ಲ! ಕಾಗದದ ಮೇಲೆ ಬರೆದು ತೋರಿಸಿದೆ. ಕೂತು ಕೇಳಿದ ಮಾವ, ‘ಮತ್ತೆ ಬಾಡಿಗೇನೂ ಕಮ್ಮಿ ಕಿಲೋಮೀಟರಿಗೆ ತಗೊಂಡಂಗಾಯ್ತಲ್ಲ!’ ಎಂದು ಹೌಹಾರಿ, ಅಂದೇ ಬಾಡಿಗೆ ಏರಿಸಿದ.

ಕೊನೆಗೆ ಮನೆಯವರ ಕಾಟಕ್ಕೆ ಮಾರಲು ಒಪ್ಪಿದ. ಗಿರಾಕಿಯನ್ನು ಕೂರಿಸಿಕೊಂಡು, ಬೆಂಗಳೂರಿನಲ್ಲಿ ಲೋಡಿಳಿಸಿ, ಖಾಲಿ ಗಾಡಿಯಲ್ಲಿ ವಾಪಸು ಬಂದ. ದುರ್ಗಕ್ಕಿಂತ ಬೆಂಗಳೂರು ಸುಮಾರು ಇನ್ನೂರು ಮೀಟರು ಎತ್ತರದಲ್ಲಿದೆ. ಬರುವ ದಾರಿ ಒಟ್ಟಿನಲ್ಲಿ ಇಳಿಜಾರು. ಮಾವ ಐವತ್ತು ದಾಟಲಿಲ್ಲ. ಲಾರಿಗಳೆಲ್ಲ ಬೈದುಕೊಂಡು ಮುಂದೆ ಹೋದವು. ಬಂಕಿನಲ್ಲಿ ಫುಲ್ ಮಾಡಿಸಿ ಭಾಗಿಸಿದರೆ ಹದಿನಾರೂ ಚಿಲ್ಲರೆ. ಗಿರಾಕಿ ಖುಷಿಯಾಗಿ ಅಡ್ವಾನ್ಸ್ ತೆಗೆದ.

ಮಾವ ಆ ನೋಟುಗಳನ್ನೂ ಗಾಡಿಯನ್ನೂ ನೋಡಿ ಕೈ ಹಿಂದಕ್ಕೆಳೆದುಕೊಂಡ: ‘ಹದಿನಾರು ಕೊಡೋ ಗಾಡೀನ ಯಾವನ್ರೀ ಮಾರ್ತಾನೆ?’