ಬ್ಯಾರೆಲ್ಲಿಗೆ ದಾರಿ ಐತಿ, ಅಳಿಯಗ ಇಲ್ಲೇನ್ರಿ ಕಾಮ್ರೇಡ್?

ಸಿಪಿಎಂ ಪಕ್ಷದ ಬೆಳಗಾವಿ ಜಿಲ್ಲೆಯ ಮುಖಂಡರಿಗೆ, ರಾಯಬಾಗ ಕಡೆಯ ಕಬ್ಬು ಬೆಳೆಗಾರನೊಬ್ಬನ ಲಾಲ್ ಸಲಾಂ.

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳ ಪಿಎಫ್ ಇರಲಿ, ಕ್ಯೂಬಾದ ಮೇಲಿನ ದಿಗ್ಬಂಧನ ಇರಲಿ, ನಿಮ್ಮದೊಂದು ನಿಲುವು ಇದ್ದೇ ಇರುತ್ತದೆ. ಉಳಿದ ಪಕ್ಷದವರ ಭೂಗೋಳ ಸಕ್ಕರೆ ಕಾರ್ಖಾನೆಯ ಆಡಳಿತ ಮಂಡಳಿಯ ಚುನಾವಣೆಗೇ ಮುಗಿಯುತ್ತದೆ. ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ.

ನನ್ನ ತಂಗಿಯ ಮಗ ರಷ್ಯಾದಲ್ಲಿ ಎಂಬಿಬಿಎಸ್ ಓದುತ್ತಾನೆ. ಇಲ್ಲಿನ ಖಾಸಗಿ ಸೀಟಿನ ರೇಟು ಕೇಳಿ, ಹೊಲ ಮಾರಿದರೂ ಸಾಲದೆಂದು ಅಲ್ಲಿಗೆ ಕಳಿಸಿದೆವು. ಕಬ್ಬಿನ ಬಿಲ್ಲು ಬಂದದ್ದೇ ಫೀಸು ಕಳಿಸಲು ಬ್ಯಾಂಕಿಗೆ ಹೋದೆ. ಹೊರದೇಶಕ್ಕೆ ದುಡ್ಡು ಕಳಿಸುವ ಎ2 ಅರ್ಜಿ, ಪ್ಯಾನ್ ಕಾರ್ಡು, ಕಾಲೇಜಿನ ಪತ್ರ ಎಲ್ಲವೂ ಇತ್ತು. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬ ಮನುಷ್ಯ ವರ್ಷಕ್ಕೆ 2,50,000 ಡಾಲರ್ ಹೊರದೇಶಕ್ಕೆ ಕಳಿಸಬಹುದು. ಓದಿಗೂ ಸರಿ, ಹತ್ತಿರದ ಬಂಧುಗಳ ಪೋಷಣೆಗೂ ಸರಿ. ಕೌಂಟರಿನ ಹುಡುಗ ಫಾರ್ಮನ್ನು ಎರಡೂ ಕಡೆ ತಿರುವಿ ನೋಡಿದ. “ಕಾಕಾ, ಅಮೆರಿಕಾಕ್ಕ ಅಂದ್ರ ಈಗಿಂದೀಗ ಕಳಸ್ತೀನ್ರಿ. ಇದು ಹೋಗಂಗಿಲ್ರಿ.”

ಕಾರಣ ಉಕ್ರೇನ್ ಯುದ್ಧ. 2022ರ ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟ ರಷ್ಯಾದ 7 ಬ್ಯಾಂಕುಗಳನ್ನು, ದೇಶದೇಶಗಳ ಬ್ಯಾಂಕುಗಳನ್ನು ಬೆಸೆಯುವ ಸ್ವಿಫ್ಟ್ ಜಾಲದಿಂದ ಹೊರಗೆ ಹಾಕಿತು. ಜೂನ್‌ನಲ್ಲಿ ಅಲ್ಲಿನ ಅತಿ ದೊಡ್ಡ ಸ್ಬೆರ್‌ಬ್ಯಾಂಕಿನ ಸರದಿ. ವೀಸಾ, ಮಾಸ್ಟರ್‌ಕಾರ್ಡ್ ಕೂಡ ಅಂಗಡಿ ಎತ್ತಿದವು. ಚಿಕ್ಕೋಡಿಯಲ್ಲಿ ಮಾಡಿಸಿಕೊಟ್ಟ ಕಾರ್ಡನ್ನು ಅಳಿಯ ಈಗ ಕಿಟಕಿಯ ಹಿಮ ಕೆರೆಯಲು ಇಟ್ಟುಕೊಂಡಿದ್ದಾನೆ.

ತೈಲಕ್ಕೆ ಮಾತ್ರ ಈ ತಾಪತ್ರಯವಿಲ್ಲ. ಯುದ್ಧಕ್ಕೆ ಮೊದಲು ನಾವು ತರಿಸುವ ಕಚ್ಚಾ ತೈಲದಲ್ಲಿ ರಷ್ಯಾದ ಪಾಲು ಶೇ 2ರ ಆಸುಪಾಸು. 2023-24ರ ಹೊತ್ತಿಗೆ ಮೂರನೇ ಒಂದು ಪಾಲನ್ನು ದಾಟಿತು. ಅದರ ದುಡ್ಡು ಹೇಗೋ ಹೋಗಿ ಮುಟ್ಟುತ್ತದೆ. 2022ರ ಜುಲೈ 11ರಂದು ರಿಸರ್ವ್ ಬ್ಯಾಂಕು ರೂಪಾಯಿಯಲ್ಲೇ ಲೆಕ್ಕ ಚುಕ್ತಾ ಮಾಡಲು ದಾರಿ ತೆಗೆದದ್ದೂ ಆಮದು-ರಫ್ತಿಗೇ. ಅಳಿಯನನ್ನು ರಫ್ತು ಮಾಡಿದ್ದೇವೆಂದು ವಾದಿಸಿ ನೋಡಿದೆ. ಮ್ಯಾನೇಜರು ನಗಲಿಲ್ಲ.

ಇನ್ನು ನಿಮ್ಮ ವಿಷಯ. ಯುದ್ಧ ಶುರುವಾದಾಗ ನಿಮ್ಮ ಪಾಲಿಟ್‌ಬ್ಯೂರೋ ರಷ್ಯಾದ ಸೇನಾ ಕ್ರಮ ದುರದೃಷ್ಟಕರ ಎಂದಿತು, ಅದೇ ಉಸಿರಿನಲ್ಲಿ ನ್ಯಾಟೋ ಪೂರ್ವಕ್ಕೆ ಹಬ್ಬಿದ್ದನ್ನೂ ಬಯ್ದಿತು. ಹಿಡಕಲ್ ಡ್ಯಾಮಿನ ಗೇಟಿನಂತೆ ಅಳೆದು ಎತ್ತಿದ ಮಾತು. ಲೆನಿನ್ ಮಲಗಿರುವ ಊರೆಂಬ ಮಮಕಾರ ನನಗೂ ಅರ್ಥವಾಗುತ್ತದೆ, ಅವನ ಸುತ್ತ ಈಗ ಎಚ್ಚರವಾಗಿರುವವರು ಕೋಟ್ಯಧಿಪತಿಗಳಾದರೂ. 1960ರಲ್ಲಿ ಮಾಸ್ಕೋದಲ್ಲಿ ತೆರೆದ ಲುಮುಂಬಾ ವಿಶ್ವವಿದ್ಯಾಲಯ ಬಡದೇಶಗಳ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಟ್ಟು ಓದಿಸಿತು. 1992ರಲ್ಲಿ ಕಿತ್ತುಹಾಕಿದ್ದ ಲುಮುಂಬಾ ಹೆಸರನ್ನು 2023ರಲ್ಲಿ ಮತ್ತೆ ಇಟ್ಟಿದ್ದಾರಂತೆ. ಸಂತೋಷ. ನಮ್ಮ ಹುಡುಗನ ಕಾಲೇಜು ಕೇಳುವುದು ಫೀಸು.

ಕೊನೆಗೆ ದಾರಿ ತೋರಿಸಿದವರು ನೀವೂ ಅಲ್ಲ, ದಿಲ್ಲಿಯೂ ಅಲ್ಲ. ಕಾಗವಾಡ ಕಡೆಯ ಹುಡುಗನೊಬ್ಬ ಅಳಿಯ ಓದುವ ಊರಲ್ಲೇ ಸೀನಿಯರ್. ಅವನ ಹತ್ತಿರ ರೂಬಲ್ ಇದೆ, ಅವನಪ್ಪನಿಗೆ ಇಲ್ಲಿ ರೂಪಾಯಿ ಬೇಕು. ಕುಡಚಿ ಸ್ಟೇಶನ್ನಿನ ಹೊರಗೆ ಚಹಾ ಕುಡಿಯುತ್ತ ಇಬ್ಬರೂ ಫೋನು ತೆಗೆದೆವು. ನಾನು ಫೋನ್‌ಪೇ ಮಾಡಿದೆ, ಅವರು ಮಗನಿಗೆ “ಕೊಡಪಾ” ಅಂದರು. ಚಹಾ ಆರುವುದರೊಳಗೆ ಅಲ್ಲಿ ಅಳಿಯನ ಕೈಗೆ ದುಡ್ಡು. ಡಾಲರ್ ಇಲ್ಲ, ಸ್ವಿಫ್ಟ್ ಇಲ್ಲ, ಎ2 ಇಲ್ಲ. ಪ್ರಭುತ್ವ ತಾನಾಗಿಯೇ ಉದುರಿಹೋಗುತ್ತದೆಂದು ನಿಮ್ಮ ಹಿರಿಯರು ಹೇಳಿದ್ದು ಇದನ್ನೇ ಇರಬೇಕು ಅಂದುಕೊಂಡೆ. ಅಥಣಿಯ ವಕೀಲರು ಮಾತ್ರ ಇದಕ್ಕೆ ಹವಾಲಾ ಅಂತಾರ್ರೀ, ಫಾರಿನ್ ದುಡ್ಡಿಗೆ ಫೆಮಾ ಕಾಯ್ದೆ ಐತಿ ಎಂದು ಎಚ್ಚರಿಸಿದ್ದಾರೆ.

ಆದ್ದರಿಂದ ಪಕ್ಷದ ಲೈನು ತಿಳಿಸಿ. ನಾನು ಸಾಮ್ರಾಜ್ಯಶಾಹಿಯ ಬಲಿಪಶುವೋ, ಕಾಳದಂಧೆಯವನೋ, ಮಗನನ್ನು ಡಾಕ್ಟರ್ ಮಾಡಹೊರಟ ತಂಗಿಯ ಮಧ್ಯಮವರ್ಗದ ಭ್ರಮೆಗೆ ಕುಮ್ಮಕ್ಕು ಕೊಟ್ಟವನೋ? ಏಕಪಕ್ಷೀಯ ನಿರ್ಬಂಧ ತಪ್ಪೆಂದು ನೀವು ಅನ್ನುತ್ತೀರಿ, ನಾನೂ ಅನ್ನುತ್ತೇನೆ. ಮುಂದಿನ ಧರಣಿಯ ಬೇಡಿಕೆ ಪಟ್ಟಿಯಲ್ಲಿ, ವಿಶ್ವಶಾಂತಿಯ ಕೆಳಗಾದರೂ ಸರಿ, ಮನೆಯವರಿಗೆ ದುಡ್ಡು ಕಳಿಸುವ ಒಂದು ಸಾಲು ಸೇರಿಸಿ. ಪಾಲಿಟ್‌ಬ್ಯೂರೋ ಸೇರಿ ಚರ್ಚಿಸಬೇಕೆಂದರೆ ಸ್ವಲ್ಪ ಬೇಗ ಸೇರಲಿ. ಮುಂದಿನ ಸೆಮಿಸ್ಟರಿಗೆ ಲೇಟ್ ಫೀ ಬೀಳುತ್ತದೆ.

ತಾ.ಕ.: 1992ರಲ್ಲಿ ನಿಮ್ಮ ಪಕ್ಷದ ಕಾಮ್ರೇಡ್ ಸುರ್ಜಿತ್ ಅವರು 10,000 ಟನ್ ಗೋಧಿ ಕೂಡಿಸಿ ಹಡಗಿನಲ್ಲಿ ಕ್ಯೂಬಾಕ್ಕೆ ಕಳಿಸಿದ್ದರು. ಹಾಗೊಂದು ಹಡಗು ಮತ್ತೆ ಹೊರಡುವುದಿದ್ದರೆ ತಿಳಿಸಿ. ತಂಗಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟಿದ್ದಾಳೆ. ಒಂದೇ ಚೀಲ.